ಸೊನ್ನೆ ಯೂನಿಟ್ಟಿನ ನಿಲ್ದಾಣ

ದೇಶದಲ್ಲೇ ಅತಿ ಕಡಿಮೆ ಕರೆಂಟು ಸುಡುವ ಮೆಟ್ರೋ ನಿಲ್ದಾಣಗಳು ನಮ್ಮ ತುಮಕೂರಿನಲ್ಲಿವೆ. ಕ್ಯಾತ್ಸಂದ್ರದ್ದಾಗಲಿ, ಟೌನ್‌ಹಾಲ್ ಸರ್ಕಲ್‌ನದ್ದಾಗಲಿ, ತಿಂಗಳ ಬಿಲ್ಲು ಸೊನ್ನೆ. ಎಸಿ ಇಲ್ಲ, ಎಸ್ಕಲೇಟರ್ ಇಲ್ಲ, ದೀಪವಿಲ್ಲ. ನಿಲ್ದಾಣವೂ ಇಲ್ಲ, ಅದೊಂದು ಸಣ್ಣ ತೊಡಕು. ಬೆಂಗಳೂರು ಮೆಟ್ರೋದ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ನಗರದಂಚಿನ ಮಾದಾವರ ಮುಟ್ಟಿ ಅಲ್ಲೇ ದಣಿವಾರಿಸಿಕೊಳ್ಳುತ್ತಿದೆ. ಅಲ್ಲಿಂದ ನಮ್ಮೂರಿನವರೆಗೆ ಸದ್ಯಕ್ಕೆ ಹಾಸಿರುವುದು ಕಾಗದ.

ಹೀಗಿರುವಾಗ ಊರಿನಲ್ಲೊಂದು ವಿಚಾರ ಸಂಕಿರಣ: ‘ಮೆಟ್ರೋ ನಿಲ್ದಾಣಗಳಲ್ಲಿ ಇಂಧನ ಮಿತವ್ಯಯ’. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುತ್ತಿದ್ದದ್ದು ಹಳೇ ಕಾಲ. ಈಗ ಕೂಸಿನ ಕರೆಂಟ್ ಬಿಲ್ಲನ್ನೂ ಮೊದಲೇ ಇಳಿಸುತ್ತಾರೆ.

ಬೆಳಗ್ಗೆ ಹನ್ನೊಂದು ಗಂಟೆ. ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದು, ಸೂರ್ಯನನ್ನು ಹೊರಗೆ ನಿಲ್ಲಿಸಿ, ಒಳಗೆ ಅಷ್ಟೂ ಟ್ಯೂಬ್‌ಲೈಟ್ ಹಚ್ಚಿದ್ದರು. ಎಸಿ ಹದಿನೆಂಟಕ್ಕಿತ್ತು, ಜೊತೆಗೆ ಫ್ಯಾನೂ. ಸನ್ಮಾನದ ಶಾಲು ಉಪಯೋಗಕ್ಕೆ ಬಂದದ್ದನ್ನು ನಾನು ನೋಡಿದ್ದು ಅವತ್ತೇ. ವೇದಿಕೆಯಲ್ಲಿ ಒಬ್ಬರೂ ತೆಗೆಯಲಿಲ್ಲ. ದೀಪ ಬೆಳಗುವಾಗ ಬತ್ತಿ ಆರದಿರಲೆಂದು ಎರಡು ನಿಮಿಷ ಫ್ಯಾನ್ ನಿಲ್ಲಿಸಿದರು. ಇಡೀ ದಿನದ ಉಳಿತಾಯ ಅದೊಂದೇ.

ಬೆಂಗಳೂರಿನಿಂದ ಕಾರಿನಲ್ಲಿ ಒಬ್ಬರೇ ಬಂದಿದ್ದ ಇಂಜಿನಿಯರು ಮಾತ್ರ ಚೆನ್ನಾಗಿಯೇ ಮಾತಾಡಿದರು, ಸುಳ್ಳು ಯಾಕೆ ಹೇಳಲಿ. ರೈಲು ಬ್ರೇಕ್ ಹಾಕಿದಾಗ ಮೋಟರೇ ಜನರೇಟರ್ ಆಗಿ ಕರೆಂಟು ಹುಟ್ಟಿಸುತ್ತದಂತೆ. ಇದರಿಂದಲೇ ದೆಹಲಿ ಮೆಟ್ರೋ ಹೊಗೆ ಕಡಿಮೆ ಮಾಡಿದ್ದಕ್ಕೆ ಸಿಗುವ ವಿಶ್ವಸಂಸ್ಥೆಯ ಕಾರ್ಬನ್ ಕ್ರೆಡಿಟ್ ಪಡೆದ ಮೊದಲ ರೈಲಾಯಿತು. ಬೆಂಗಳೂರಿನ ನಮ್ಮ ಮೆಟ್ರೋದ್ದು 750 ವೋಲ್ಟಿನ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಹಾಗೆ ಹುಟ್ಟಿದ ಕರೆಂಟನ್ನು ಎತ್ತಿಕೊಳ್ಳಲು ಆ ಗಳಿಗೆಗೆ ಹತ್ತಿರದಲ್ಲೊಂದು ರೈಲು ಹೊರಡುತ್ತಿರಬೇಕು, ಇಲ್ಲವೇ ಅದನ್ನು ಹಿಂದಕ್ಕೆ ಕಳಿಸುವ ಬೇರೆ ಯಂತ್ರ ಬೇಕು. ಎರಡೂ ಇಲ್ಲದಿದ್ದರೆ ಬರೀ ಬಿಸಿ. ನಮ್ಮ ಕಚೇರಿಗಳ ಫೈಲಿನಂತೆ, ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಹಿಡಿಯಬೇಕು.

ನೆಲದಡಿಯ ನಿಲ್ದಾಣದಲ್ಲಿ ಎಸಿಯೇ ದೊಡ್ಡ ಹೊಟ್ಟೆಬಾಕ, ಪ್ಲಾಟ್‌ಫಾರಂ ಅಂಚಿಗೆ ಗಾಜಿನ ಬಾಗಿಲು ಹಾಕಿದರೆ ತಂಪು ಸುರಂಗಕ್ಕೆ ಸೋರುವುದಿಲ್ಲ ಎಂದೂ ವಿವರಿಸಿದರು. ಆಗ ನಮ್ಮ ಸಭಾಂಗಣದ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದರು. ತಟ್ಟೆ ಇಡ್ಲಿ ಬರುವುದಿತ್ತು.

ನನ್ನ ಭಾವ ಪಾಸ್ ಮಾಡಿಸಿಕೊಂಡು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು. ವರ್ಷಗಟ್ಟಲೆ ನಿಂತೇ ಹೋದ ಅಭ್ಯಾಸಕ್ಕೆ ಖಾಲಿ ಕುರ್ಚಿಗಳಿದ್ದರೂ ಗೋಡೆಗೊರಗಿ ನಿಂತಿದ್ದರು. ಅಲ್ಲಿಂದಲೇ ಕೇಳಿದರು:

‘ಸಾರ್, ದೆಹಲಿ ಮೆಟ್ರೋದೋರು ಮಧ್ಯಪ್ರದೇಶದ ರೇವಾದಿಂದ ಸೋಲಾರ್ ಕರೆಂಟ್ ತರಿಸ್ಕೊಳ್ತಾರೆ. ನಮ್ಮ ಜಿಲ್ಲೆ ಪಾವಗಡದಲ್ಲೇ 13,000 ಎಕರೆ, 2,050 ಮೆಗಾವ್ಯಾಟ್ ಇದೆಯಲ್ಲ?’

‘ಅದು ಗ್ರಿಡ್‌ಗೆ ಹೋಗುತ್ತೆ ಸರ್. ಆಮೇಲೆ ಯಾವುದು ಎಲ್ಲಿಯದು ಅಂತ ಗುರುತಿರಲ್ಲ.’

‘ಡೇರಿಗೆ ಹಾಲು ಹಾಕಿದ ಹಾಗೆ.’

‘ಸರಿಯಾಗಿ ಹೇಳಿದ್ರಿ!’

‘ಅದಕ್ಕೇ ಸಾರ್, ಹಸು ಕಟ್ಟಿದ ಮನೇಲಿ ನಾವು ಕರಿ ಕಾಫಿ ಕುಡೀತಿದ್ದೀವಿ.’

ಚಪ್ಪಾಳೆ ಶುರುವಾಗುವಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲಿ ಅಟೆಂಡರಮ್ಮ ಯಾರನ್ನೂ ಕೇಳದೆ ಹೋಗಿ ಒಂದು ಪರದೆ ಸರಿಸಿದರು. ಎದುರಿಗಿದ್ದವರ ಮುಖ, ಕೈಲಿದ್ದ ಹಾಳೆ, ಅದರಲ್ಲಿನ ಸಣ್ಣ ಅಕ್ಷರ, ಎಲ್ಲ ಕಂಡವು. ಅಷ್ಟರಲ್ಲಿ ಹಿಂದುಗಡೆ ಜನರೇಟರ್ ಗುಡುಗಿತು, ತೆರೆದ ಬಾಗಿಲಿನಿಂದ ಡೀಸೆಲ್ ಹೊಗೆ ಒಳಗೆ ಬಂತು. ಸಂಘಟಕರು ಮೈಕ್ ಹಿಡಿದು ಎದ್ದರು.

‘ಪರದೆ ಎಳೀರಮ್ಮ, ಸ್ಲೈಡು ಕಾಣ್ತಿಲ್ಲ.’