ಎಸಿ ಇದ್ದೂ ಒದ್ದೆ ಮನೆ

ಇವತ್ತು ಕಪಾಟು ತೆಗೆದರೆ ರೇಷ್ಮೆ ಸೀರೆಗೆ ಬೂಸ್ಟು! ಸಾಕಪ್ಪಾ ಸಾಕು. ಮಂಗಳೂರಿನ ಮಳೆ ಹೊರಗೆ ಸುರಿಯಲಿ, ಕಪಾಟಿನೊಳಗೆ ಅದಕ್ಕೇನು ಕೆಲಸ? ಎಸಿ ಹಾಕಿದರೆ ತೇವ ಹೋಗುತ್ತದಂತೆ. ಎಲ್ಲಿಗೆ? 24 ಡಿಗ್ರಿ ಮುಟ್ಟಿದ್ದೇ ತಡ, ತಂಪು ಮಾಡುವ ಕಂಪ್ರೆಸರ್ ಮಲಗಿಬಿಡುತ್ತದೆ. ಫ್ಯಾನ್ ಮಾತ್ರ ತಿರುಗುತ್ತಾ, ಎಸಿಯೊಳಗಿನ ತಣ್ಣನೆಯ ಕೊಳವೆಗಳ (ಕಾಯಿಲ್) ಮೇಲೆ ಕೂತ ನೀರನ್ನೇ ಮತ್ತೆ ಕೋಣೆಗೆ ಊದುತ್ತದೆ. ಕರೆಂಟ್ ಬಿಲ್ ಕಟ್ಟಿ ನಮ್ಮ ತೇವವನ್ನು ನಾವೇ ವಾಪಸ್ ಕೊಂಡುಕೊಳ್ಳುವುದು! ಮೈಯೆಲ್ಲ ಚಳಿ, ಹೊದಿಕೆಯೆಲ್ಲ ಅಂಟಂಟು. ತೇವ ತೆಗೆಯಲೆಂದೇ ಇರುವ ಡ್ರೈ ಮೋಡ್ ಒತ್ತಿದರೆ ಅತ್ತೆಗೆ ಶೀತ. ಉಪ್ಪು ನೀರಾಯಿತು, ಹಪ್ಪಳ ಮೆತ್ತಗಾಯಿತು, ಚರ್ಮದ ಬೆಲ್ಟಿಗೆ ಹಸಿರು ಮೀಸೆ ಬಂತು. ಬನಿಯನ್ ಒಣಗಿಸಲೂ ಇಸ್ತ್ರಿ ಪೆಟ್ಟಿಗೆಯೇ ಬೇಕು. ಇದರ ಮೇಲೆ ಪಕ್ಕದ ಮನೆಯವರ ಸಲಹೆ: "ಸ್ವಲ್ಪ ಕಿಟಕಿ ತೆಗೆದಿಡಿ, ಗಾಳಿ ಆಡಲಿ." ಹೊರಗೇನು ಮರುಭೂಮಿ ಇದೆಯಾ?