ಮನೇಲಿ ಬೀಳೋ ಗೇರ್ ಮಣ್ಣಲ್ಲಿ ಯಾಕೆ ಬೀಳಲ್ಲ

ನನ್ನ ಡರ್ಟ್ ಬೈಕಿಗೂ ನನಗೂ ಜಗಳ ಹತ್ತಿದ್ದು ಎರಡನೇ ಗೇರಿಂದ. ಕೆಳಗೆ ತುಳಿದ್ರೆ ಒಂದನೇದು ಸಲೀಸಾಗಿ ಬೀಳುತ್ತೆ, ಅಲ್ಲಿಂದ ಎತ್ತಿ ಸೆಕೆಂಡ್‌ಗೆ ಹಾಕೋಣ ಅಂದ್ರೆ ಮಧ್ಯ ಇರೋ ನ್ಯೂಟ್ರಲ್ಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತ್ಬಿಡುತ್ತೆ, ಇಂಜಿನ್ ಬಾಯಿ ಬಡ್ಕೊಳ್ತಾ ಇರುತ್ತೆ, ಗಾಡಿ ದಿಬ್ಬದ ಅರ್ಧಕ್ಕೆ ನಿಂತು ಹಿಂದಕ್ಕೆ ಜಾರೋಕೆ ಶುರು. ಹಿಂದೆ ಬರ್ತಿದ್ದ ಫ್ರೆಂಡು "ಲೋ, ನಿನ್ ಗಾಡೀಲಿ ರಿವರ್ಸ್ ಗೇರೂ ಇದ್ಯೇನೋ?" ಅಂದ.

ಅದಕ್ಕೆ ಒಂದು ವಾರ ಮುಂಚೆ ಎಡಗಡೆಗೆ ಬಿದ್ದಿದ್ದೆ. ಗಾಡಿಗೆ ಏನಾಗಿದೆ ಅಂತ ನೋಡೋ ಸ್ಥಿತೀಲಿ ನಾನಿರಲಿಲ್ಲ, ಪಾದ ಊದ್ಕೊಂಡಿತ್ತು, ಹಾಗಾಗಿ ಬುದ್ಧಿ ಬಂದು ಮೋಟೋಕ್ರಾಸ್ ಬೂಟ್ ತಗೊಂಡೆ. ಈ ಎರಡು ವಿಷಯ ನೆನಪಿಟ್ಕೊಳ್ಳಿ, ನಾನು ಇಟ್ಕೊಳ್ಳಲಿಲ್ಲ.

"ಕ್ಲಚ್ ಪೂರ್ತಿ ಬಿಡ್ತಿಲ್ಲ ಕಣೋ" ಅಂದ ಫ್ರೆಂಡು. ಮಾತು ತಪ್ಪೇನಲ್ಲ, ಲಿವರ್ ಹಿಡಿದ್ರೂ ಕ್ಲಚ್ ಒಳಗಿನ ಪ್ಲೇಟುಗಳು ಅಂಟ್ಕೊಂಡೇ ಇದ್ರೆ ಗೇರ್ ಗಟ್ಟಿ ಆಗುತ್ತೆ, ಇಂಜಿನ್ ಬಿಸಿ ಆದ್ಮೇಲೆ ನಿಂತಲ್ಲಿ ನ್ಯೂಟ್ರಲ್ ಸಿಗಲ್ಲ. (ನನಗೆ ಬೇಡ ಅಂದ್ರೂ ನ್ಯೂಟ್ರಲ್ ಸಿಗ್ತಿತ್ತು, ಅಲ್ಲೇ ಡೌಟ್ ಬರಬೇಕಿತ್ತು.) ಕೇಬಲ್ ನೋಡಿದೆ, ಲಿವರಲ್ಲಿ 2-3 ಮಿ.ಮೀ. ಆಟ ಇರಬೇಕಾದ ಕಡೆ ಬೆರಳು ತೂರೋಷ್ಟು ಸಡಿಲ. ಟೈಟ್ ಮಾಡಿ, ಚಪ್ಪಲಿ ಮೆಟ್ಕೊಂಡು ಮನೆ ಮುಂದೆ ಒಂದು ರೌಂಡ್ ಹೊಡೆದೆ. ಟಕ್, ಟಕ್, ಟಕ್. ಬೆಣ್ಣೆ! ಭಾನುವಾರ ಬೂಟ್ ಏರಿಸ್ಕೊಂಡು ಅದೇ ದಿಬ್ಬಕ್ಕೆ ಹೋದ್ರೆ ಮತ್ತೆ ಅದೇ ಬಾಯಿ ಬಡ್ಕೊಳ್ಳೋದು.

ಸರಿ, ಇನ್ನೂ ಟೈಟ್ ಮಾಡೋಣ ಅಂತ ಮಾಡ್ದೆ, ಆಟಾನೇ ಇಲ್ಲದ ಹಾಗೆ. ಈಗ ಕ್ಲಚ್ ಪೂರ್ತಿ ಹಿಡಿಯೋದನ್ನೇ ಮರೀತು, ಆಕ್ಸಿಲರೇಟರ್ ತಿರುವಿದ್ರೆ ಸೌಂಡ್ ಏರುತ್ತೆ ಗಾಡಿ ಏರಲ್ಲ. ಅಷ್ಟರಲ್ಲಿ ಇನ್ನೊಬ್ಬ "ಆಯಿಲ್ ಹಳೇದಾಗಿದ್ರೂ ಗೇರ್ ಸರಿಯಾಗಿ ಬೀಳಲ್ಲ ಮಗಾ" ಅಂದ, ನಾನು ಮನೇಲಿ ಉಳಿದಿದ್ದ ಕಾರಿನ ಆಯಿಲ್ ಸುರಿದೆ. ಆಯಿಲ್ ಆಯಿಲ್ಲೇ ಅಲ್ವಾ ಅಂತ. ಅಲ್ಲ ಸ್ವಾಮಿ. ಬೈಕಿನ ಕ್ಲಚ್ ಆ ಆಯಿಲ್ಲಲ್ಲೇ ಮುಳುಗಿರುತ್ತೆ, ಕಾರಿನ ಎಷ್ಟೋ ಆಯಿಲ್ಲಲ್ಲಿ ಜಾರಿಕೆ ಹೆಚ್ಚಿಸೋ ಐಟಂ ಹಾಕಿರ್ತಾರೆ, ಅದಕ್ಕೇ ಡಬ್ಬದ ಮೇಲೆ ಜಾಸೋ ಎಂಎ (ಇಂಥ ಆಯಿಲ್ಲಲ್ಲಿ ಮುಳುಗಿರೋ ಕ್ಲಚ್‌ಗೆ ಆಗುತ್ತೆ ಅನ್ನೋ ಗುರುತು) ಅಂತ ಇದೆಯಾ ನೋಡ್ಕೋಬೇಕಂತೆ. ಇದು ಗೊತ್ತಾಗೋ ಹೊತ್ತಿಗೆ ಒಂದಿದ್ದ ರೋಗ ಎರಡಾಗಿತ್ತು, ಎರಡನೇದು ಪೂರ್ತಿ ನನ್ನ ಸ್ವಂತ ಸಂಪಾದನೆ.

ಆಮೇಲೆ ಓದೋಕೆ ಕೂತೆ. ಓದಬಾರದಿತ್ತು. ಶಿಫ್ಟ್ ಫೋರ್ಕ್ ಬಗ್ಗಿರಬಹುದು, ಗೇರಿನ ಡಾಗ್ ಹಲ್ಲು ಸವೆದಿರಬಹುದು, ಶಿಫ್ಟ್ ಡ್ರಮ್ ಹೋಗಿರಬಹುದು, ಎಲ್ಲಾ ಗೇರ್ ಬದಲಿಸೋ ಒಳಗಿನ ಪಾರ್ಟುಗಳೇ, ಒಟ್ಟಲ್ಲಿ ಇಂಜಿನ್ ಬಿಚ್ಚಲೇಬೇಕು. ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ಎದ್ದು ಪೇಪರ್ ಹಾಸಿ, ಸ್ಪ್ಯಾನರುಗಳನ್ನ ಆಪರೇಷನ್ ಥಿಯೇಟರ್ ಥರ ಸಾಲಾಗಿ ಜೋಡಿಸಿ, ಕಾರಿನ ಆಯಿಲ್ ಇಳಿಸೋಕೆ ಡ್ರೈನ್ ಬೋಲ್ಟ್ ಬಿಚ್ಚಿದೆ, ಅದು ಟ್ರೇ ಬಿಟ್ಟು ನೇರ ನನ್ನ ಚಪ್ಪಲಿ ಮೇಲೆ. ಹೆಜ್ಜೆ ಇಟ್ರೆ ಜರ್ರಂತ ಜಾರುತ್ತೆ. ಬರಿಗಾಲಲ್ಲಿ ಯಾಕೆ ಅಂತ ಪಕ್ಕದಲ್ಲಿದ್ದ ಬೂಟ್ ಹಾಕ್ಕೊಂಡೆ, ಹೊಸ ಆಯಿಲ್ ತುಂಬಿ, ಕೇಬಲ್ ಸಡಿಲ ಮಾಡಿ, ಬಿಚ್ಚೋ ಮುಂಚೆ ಕೊನೇ ಸಲ ನೋಡ್ಬಿಡೋಣ ಅಂತ ಸ್ಟಾರ್ಟ್ ಮಾಡಿ ಗೇರ್ ಎತ್ತಿದೆ.

ಬೀಳಲಿಲ್ಲ! ಮನೇಲಿ, ಮೊದಲನೇ ಸಲ, ಬೀಳಲಿಲ್ಲ. ಕಳ್ಳ ತಾನಾಗೇ ಬಂದು ಬಾಗಿಲು ತಟ್ಟಿದಷ್ಟು ಖುಷಿ ಆಯ್ತು. ಬಗ್ಗಿ ನೋಡ್ತೀನಿ, ಬೂಟಿನ ಮುಂಗಾಲು ಗೇರ್ ಲಿವರ್ ಕೆಳಗೆ ತೂರ್ತಾನೇ ಇಲ್ಲ. ಬಿದ್ದಾಗ ಲಿವರ್ ಇಂಜಿನ್ ಕಡೆಗೆ ಒಳಕ್ಕೆ, ಸ್ವಲ್ಪ ಕೆಳಕ್ಕೂ ಬಗ್ಗಿದೆ; ಚಪ್ಪಲಿ ಬೆರಳಿಗೆ ಜಾಗ ಸಾಕು, ಆ ದಪ್ಪ ಬೂಟಿಗೆ ಸಾಲಲ್ಲ. ತುದಿಗೆ ತಗುಲಿ ಅರ್ಧ ಎತ್ತುತ್ತೆ, ಅರ್ಧ ಎತ್ತಿದ್ರೆ ಸಿಗೋದು ನ್ಯೂಟ್ರಲ್ಲೇ.

ರಿಪೇರಿ ಅಂದ್ರೆ ಒಂದೇ ಒಂದು ಬೋಲ್ಟ್. ಲಿವರ್ ಬಿಚ್ಚಿ ಹೊರಗಿಟ್ಟು ನೆಟ್ಟಗೆ ಮಾಡಿದೆ (ಗಾಡಿ ಮೇಲೇ ಎಳೆದಾಡಿದ್ರೆ ಒಳಗಿನ ಶಾಫ್ಟ್ ಬಗ್ಗಬಹುದು, ಆಯಿಲ್ ಸೀಲೂ ಹೋಗಬಹುದು, ಅಷ್ಟು ಬುದ್ಧಿ ಉಳಿದಿತ್ತು), ಲಿವರ್ ಕೂರೋ ಶಾಫ್ಟಿನ ಹಲ್ಲುಗಳಲ್ಲಿ ಒಂದು ಹಲ್ಲು ಮೇಲಕ್ಕೆ ಕೂರಿಸಿ ಬೋಲ್ಟ್ ಬಿಗಿದೆ. ಹತ್ತು ನಿಮಿಷ. ಸಾಲಾಗಿ ಜೋಡಿಸಿದ್ದ ಸ್ಪ್ಯಾನರಲ್ಲಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸುಮ್ನೆ ನನ್ನ ಮುಖ ನೋಡ್ತಿದ್ವು.

ಈಗ ದಿಬ್ಬದಲ್ಲಿ ಗೇರ್ ಬೀಳುತ್ತೆ. ತೊಂದ್ರೆ ಏನಪ್ಪಾ ಅಂದ್ರೆ ಲಿವರ್ ಎತ್ತರ ಆಗಿರೋದ್ರಿಂದ ಚಪ್ಪಲಿಯಲ್ಲಿ ಒಂದನೇ ಗೇರ್ ತುಳಿಯೋಕೆ ಕಾಲು ಪಕ್ಕಕ್ಕೆ ತಿರುಗಿಸಿ ಸರ್ಕಸ್ ಮಾಡ್ಬೇಕು, ಹಾಗಾಗಿ ಮನೆ ಮುಂದೆ ಟೆಸ್ಟ್ ಹೊಡಿಯೋಕೂ ಬೂಟೇ ಗತಿ. ಮೊನ್ನೆ ಚಡ್ಡಿ ಮೇಲೆ ಮೊಣಕಾಲುದ್ದ ಬೂಟ್ ಹಾಕ್ಕೊಂಡು ನಿಂತಿದ್ದೆ, ಪಕ್ಕದ್ಮನೆಯವರು ಗೇಟ್ ತೆಗೆದವರು ಏನೂ ಕೇಳದೆ ಮತ್ತೆ ಮುಚ್ಕೊಂಡು ಒಳಗೆ ಹೋದ್ರು.