ಮೊದಲು ಬಾಕಿ, ಆಮೇಲೆ ಗಿರಾಕಿ
ಸಣ್ಣ ಉದ್ಯಮಿಗಳ ಸಂಘ ಸೇರಿದರೆ ಹೊಸ ಗಿರಾಕಿಗಳು ಸಿಗುತ್ತಾರೆ, ಅದೇ ದೊಡ್ಡ ಲಾಭ ಎಂದು ಲೇಖನವೊಂದರಲ್ಲಿ ಓದಿದೆ. ಲೇಖಕರ ಈ ಮಾತನ್ನು ನಾನು ಒಪ್ಪುವುದಿಲ್ಲ. ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡಿರುವ ನನಗೆ ಸಂಘದಿಂದ ಒಬ್ಬ ಗಿರಾಕಿಯೂ ಸಿಕ್ಕಿಲ್ಲ. ಆದರೆ ದೊಡ್ಡ ಕಂಪನಿಯೊಂದು ಏಳು ತಿಂಗಳು ಬಿಲ್ ಹಣ ಕೊಡದೆ ಸತಾಯಿಸಿದಾಗ ಕೈಹಿಡಿದದ್ದು ಸಂಘವೇ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ ಒಪ್ಪಂದ ಏನೇ ಇರಲಿ, 45 ದಿನಗಳೊಳಗೆ ಹಣ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದು ನನಗೆ ಗೊತ್ತೇ ಇರಲಿಲ್ಲ. ಕಾರ್ಯದರ್ಶಿಗಳು ಎಣ್ಣೆ ಮೆತ್ತಿದ, ಮಾಲು ಕಳಿಸಿದ ನನ್ನ ಚಲನ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ, ತಾರೀಖು ಹೊಂದಿಸಿ, ಆ ಕಾಯ್ದೆಯಡಿ ಅರ್ಜಿ ಬರೆಸಿದರು. ಉದ್ಯಮ್ ನೋಂದಣಿ (ಇಂಥ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಮೊದಲೇ ಆಗಿದ್ದದ್ದು ಪುಣ್ಯ. ಕಂಪನಿಗೆ ನೋಟಿಸ್ ತಲುಪಿದ ಮೂರನೇ ವಾರ ಅಸಲು ಪೂರ್ತಿ ಖಾತೆಗೆ ಬಂತು. ನಾನೊಬ್ಬನೇ ಫೋನ್ ಮಾಡಿದಾಗಲೆಲ್ಲ ‘ಮುಂದಿನ ವಾರ ನೋಡೋಣ’ ಎನ್ನುತ್ತಿದ್ದವರು ಇದೇ ಕಂಪನಿಯವರು.